ಹಾಡಿಗೆ ಮುಖ ಬಂತು, ಹೆಸರು ಎಲ್ಲಿ?



ಬೆಳಗಿನ ಪಾಳಿಗೆ ಪೀಣ್ಯದ ಕಾರ್ಖಾನೆಗಳಿಗೋ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಿಗೋ ಹೊರಟ ಬಸ್ಸಿನಲ್ಲಿ ಒಮ್ಮೆ ಸುತ್ತ ಕಣ್ಣಾಡಿಸಿ. ಹಾಡು ಕೇಳುವವರಿಗಿಂತ ಹಾಡು ನೋಡುವವರೇ ಹೆಚ್ಚು ಕಾಣುತ್ತಾರೆ. ಅಂಗೈಯಗಲದ ಪರದೆಯ ಮೇಲೆ ಮೂರ್ನಾಲ್ಕು ನಿಮಿಷದ ಒಂದು ಚಿತ್ರ. ಅದರಲ್ಲಿ ಒಬ್ಬರು ಹಾಡುತ್ತಾರೆ, ಹತ್ತಾರು ಜನ ಕುಣಿಯುತ್ತಾರೆ. ಹಾಡಿದವರು ಯಾರೆಂದು ಕೇಳಿದರೆ ಪಕ್ಕದವರು ಹೇಳಿಯಾರು. ಬರೆದವರು ಯಾರು, ಹಿಂದಿನ ಸಾಲಿನಲ್ಲಿ ಕುಣಿದವರು ಯಾರು, ಕ್ಯಾಮೆರಾ ಹಿಡಿದವರು ಯಾರು ಎಂದರೆ ಉತ್ತರ ಸಿಗುವುದು ಕಷ್ಟ.

ನಮ್ಮ ಹಿಂದಿನವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಗಜಲ್ ಬರೆದ ಕವಿ ಕೊನೆಯ ದ್ವಿಪದಿಯಾದ ಮಕ್ತಾದಲ್ಲಿ ತನ್ನ ತಖಲ್ಲುಸನ್ನು, ಅಂದರೆ ಕಾವ್ಯನಾಮವನ್ನು ಸೇರಿಸಿಬಿಡುತ್ತಿದ್ದ. ಶಿಶುನಾಳದ ಷರೀಫ ಸಾಹೇಬರು (1819–1889) ತಮ್ಮ ಪದಗಳ ಕೊನೆಗೆ ಊರ ದೈವದ ಅಂಕಿತವನ್ನಿಟ್ಟರು. ಲಾವಣಿ, ಗೀಗೀ ಪದಗಳವರು ಕೊನೆಯ ನುಡಿಯಲ್ಲಿ ತಮ್ಮ ಊರನ್ನೂ ಮೇಳವನ್ನೂ ಹೇಳಿಯೇ ಮುಗಿಸುತ್ತಿದ್ದರು. ಹಾಡು ಎಷ್ಟು ಬಾಯಿ ದಾಟಿದರೂ ಅದರ ವಿಳಾಸ ಅದರೊಳಗೇ ಉಳಿಯುತ್ತಿತ್ತು. ಹಾಡಿಗೆ ಚಿತ್ರ ಸೇರಿದ ಮೇಲೆ ಈ ವಿಳಾಸಕ್ಕೆ ಏನಾಯಿತು ಎಂಬುದೇ ಈ ಲೇಖನದ ವಿಷಯ. ಸಂಗೀತವನ್ನು ಕುರಿತು ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ಬಲ್ಲವರಿಗೇ ಬಿಟ್ಟು, ಇಲ್ಲಿ ಚರಿತ್ರೆಯನ್ನಷ್ಟೇ ನೋಡೋಣ. ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿನ ಪಾಲು ನೀವು ಊಹಿಸಿರುವುದಕ್ಕಿಂತ ದೊಡ್ಡದು.

ಮೊದಲು ಸಿನಿಮಾದ ಮಾತು. 1931ರಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಬಂದಾಗ, 1934ರಲ್ಲಿ ಕನ್ನಡದ 'ಸತಿ ಸುಲೋಚನಾ' ಬಂದಾಗ, ತೆರೆಯ ಮೇಲೆ ನಿಂತವರೇ ಹಾಡಬೇಕಿತ್ತು. 1935ರ ಹೊತ್ತಿಗೆ ಹಿನ್ನೆಲೆ ಗಾಯನ ಬಂತು. ಅಂದಿನಿಂದ ದನಿ ಒಬ್ಬರದು, ಮುಖ ಇನ್ನೊಬ್ಬರದು. 1949ರ 'ಮಹಲ್' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾಗಿದ್ದದ್ದು 'ಕಾಮಿನಿ' ಎಂದು. ಅದು ಕಥೆಯೊಳಗಿನ ಪಾತ್ರದ ಹೆಸರು! ಫಿಲ್ಮ್‌ಫೇರ್ ಪ್ರಶಸ್ತಿಗಳು 1954ರಲ್ಲೇ ಆರಂಭವಾದರೂ ಹಿನ್ನೆಲೆ ಗಾಯಕರಿಗೆ ಪ್ರತ್ಯೇಕ ಪ್ರಶಸ್ತಿ ಬರಲು 1959ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ ಹಾಡಿನ ಚಿತ್ರ ಎಂದರೆ ಸಿನಿಮಾದ ಹಾಡು ಎಂಬಂತಾಗಿ, ಗಾಯಕರು ತಮ್ಮದೇ ಮುಖದಲ್ಲಿ ಕಾಣಿಸಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ.

ಪಶ್ಚಿಮದಲ್ಲಿ ಕಥೆ ಬೇರೆ. ಅಲ್ಲಿ ಧ್ವನಿಮುದ್ರಿಕೆ ಮಾರುವುದಕ್ಕಾಗಿ ಗಾಯಕರನ್ನೇ ಚಿತ್ರೀಕರಿಸಿದರು. 1960ರ ದಶಕದಲ್ಲಿ ಫ್ರಾನ್ಸಿನ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡಿನ ಫಿಲ್ಮ್ ತೋರಿಸುವ ಸ್ಕೋಪಿಟೋನ್ ಯಂತ್ರಗಳಿದ್ದವು. 1966ರಲ್ಲಿ ಬೀಟಲ್ಸ್ ತಂಡ ಪ್ರತಿಯೊಂದು ಟಿವಿ ಕೇಂದ್ರಕ್ಕೂ ತಾವೇ ಹೋಗುವುದರ ಬದಲು ಫಿಲ್ಮ್ ಕಳುಹಿಸಿತು. 1975ರಲ್ಲಿ ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸೋಡಿ'ಯ ವಿಡಿಯೊ ಬಂತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ದಿನವಿಡೀ ಹಾಡಿನ ಚಿತ್ರಗಳನ್ನೇ ಬಿತ್ತರಿಸುವ ಎಂಟಿವಿ ಶುರುವಾಯಿತು. ಆದರೆ ಆ ಹೊಸ ವಾಹಿನಿಯಲ್ಲಿ ಕಪ್ಪು ಗಾಯಕರ ಮುಖಗಳು ತೀರಾ ಅಪರೂಪ. 1983ರಲ್ಲಿ ಗಾಯಕ ಡೇವಿಡ್ ಬೋವಿ ಎಂಟಿವಿಯ ಸಂದರ್ಶನದಲ್ಲಿ ಕುಳಿತೇ ಇದನ್ನು ಪ್ರಶ್ನಿಸಿದರು. ಅದೇ ವರ್ಷ ಮೈಕೇಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್', ನಂತರ ಜಾನ್ ಲ್ಯಾಂಡಿಸ್ ನಿರ್ದೇಶನದ ಹದಿಮೂರು ನಿಮಿಷಕ್ಕೂ ಮಿಕ್ಕಿದ 'ಥ್ರಿಲ್ಲರ್' ಬಂದ ಮೇಲೆ ಬಾಗಿಲು ತೆರೆಯಿತು. ಹಾಡುವವನೇ ಕುಣಿಯಬೇಕು, ಅವನ ಹಿಂದೆ ಒಂದು ತಂಡ ಸಾಲಾಗಿ ಕುಣಿಯಬೇಕು ಎಂಬ ಇಂದಿನ ರೂಢಿ ಬಲವಾಗಿ ಬೇರೂರಿದ್ದು ಆಗಲೇ.

ಈಗ ನಮ್ಮ ಊರಿಗೆ ಬರೋಣ. ದಂಡು ಪ್ರದೇಶ ಇದ್ದ ಬೆಂಗಳೂರಿನಲ್ಲಿ ಪಾಶ್ಚಾತ್ಯ ನೃತ್ಯಸಂಗೀತ ಹೊಸದೇನಲ್ಲ. ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್ ಹುಟ್ಟಿದ್ದೇ ಆಂಗ್ಲೋ ಇಂಡಿಯನ್ನರ ವಸತಿಯಾಗಿ. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಡಿ. ಎಸ್. ವೈಟ್ ಅವರ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಊರಿಗೆ ವೈಟ್ ಅವರ ಹೆಸರೇ ಬಂತು. ಇಂತಹ ನಗರದಲ್ಲಿ 1960ರ ದಶಕದಲ್ಲಿ ಕೊಡವ ಕುಟುಂಬದ ಬಿದ್ದು ಅಪ್ಪಯ್ಯ ಎಂಬ ಯುವಕ 'ಟ್ರೋಜನ್ಸ್' ಎಂಬ ತಂಡ ಕಟ್ಟಿಕೊಂಡು ಗಿಟಾರ್ ನುಡಿಸುತ್ತಿದ್ದ. ಆ ದಶಕದ ಕೊನೆಯ ವೇಳೆಗೆ ಲಂಡನ್ ಸೇರಿದ. 1974ರಲ್ಲಿ ಆತ ನಿರ್ಮಿಸಿದ, ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಹಿಂಬದಿಗೆಂದು ಕೊನೆಯ ಗಳಿಗೆಯಲ್ಲಿ ಅವಸರವಾಗಿ ಧ್ವನಿಮುದ್ರಿಸಿದ ಹಾಡದು! ಡಿಸ್ಕೊ ಎಂಬ ನೃತ್ಯಸಂಗೀತ ಲೋಕವನ್ನು ಹಬ್ಬಿಕೊಂಡಾಗ ಅದರ ಮುಂಚೂಣಿಯಲ್ಲಿ ಒಬ್ಬ ಬೆಂಗಳೂರಿಗನಿದ್ದ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಇನ್ನೊಬ್ಬ ಬೆಂಗಳೂರಿಗ ನಟ, ನಿರ್ಮಾಪಕ ಫಿರೋಜ್ ಖಾನ್. 1939ರಲ್ಲಿ ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಗಳಲ್ಲೇ ಓದಿ, 2009ರಲ್ಲಿ ಇಲ್ಲೇ ತೀರಿಕೊಂಡವರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಅದೇ ಹೊಸೂರು ರಸ್ತೆಯ ಕಬರಸ್ತಾನದಲ್ಲಿ ತಾಯಿಯ ಸಮಾಧಿಯ ಬಳಿ ಅವರನ್ನು ದಫನ್ ಮಾಡಲಾಯಿತು. 1980ರ ತಮ್ಮ 'ಕುರ್ಬಾನಿ' ಚಿತ್ರಕ್ಕೆ ಅವರು ಬಿದ್ದು ಅವರಿಂದ ಒಂದೇ ಒಂದು ಹಾಡು ಮಾಡಿಸಿದರು. ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿಯವರವು. ಆ ಒಂದು ಹಾಡು 'ಆಪ್ ಜೈಸಾ ಕೋಯಿ'. ಹಾಡಿದಾಕೆ ಲಂಡನ್ನಿನಲ್ಲಿ ಓದುತ್ತಿದ್ದ ಪಾಕಿಸ್ತಾನದ 15 ವರ್ಷದ ಬಾಲಕಿ ನಾಜಿಯಾ ಹಸನ್. ತೆರೆಯ ಮೇಲೆ ಕುಣಿದವರು ಜೀನತ್ ಅಮಾನ್. ಹಾಡು ಉಪಖಂಡವನ್ನೆಲ್ಲ ಹಬ್ಬಿತು. ನಾಜಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಆದರೂ ಕೇಳಿದ ಕೋಟ್ಯಂತರ ಮಂದಿಗೆ ಆ ದನಿಯ ಮುಖ ಗೊತ್ತಿರಲಿಲ್ಲ.

ಮುಂದಿನ ಹೆಜ್ಜೆ ಈ ಚರಿತ್ರೆಯ ತಿರುವು. 1981ರಲ್ಲಿ ಬಿದ್ದು ಅವರ ಸಂಗೀತದಲ್ಲಿ ನಾಜಿಯಾ, ತಮ್ಮ ಜೊಹೇಬ್ ಇಬ್ಬರೂ ಸೇರಿ 'ಡಿಸ್ಕೊ ದೀವಾನೆ' ಎಂಬ ಆಲ್ಬಂ ತಂದರು. ಸಿನಿಮಾ ಇಲ್ಲ, ನಾಯಕಿ ಇಲ್ಲ. ಹಾಡಿದವರದೇ ಚಿತ್ರ ಹೊದಿಕೆಯ ಮೇಲೆ. 1984ರ 'ಯಂಗ್ ತರಂಗ್' ಆಲ್ಬಂನ ಹಾಡುಗಳಿಗೆ ಲಂಡನ್ನಿನಲ್ಲಿ ವಿಡಿಯೊಗಳನ್ನೇ ಚಿತ್ರೀಕರಿಸಲಾಯಿತು. ಪಾಕಿಸ್ತಾನದಲ್ಲಿ ವಿಡಿಯೊ ಸಹಿತ ಬಂದ ಮೊದಲ ಆಲ್ಬಂ ಅದೆಂದು ಹೇಳುತ್ತಾರೆ. ಹೀಗೆ ನಮ್ಮ ಕಡೆಯ ಪಾಪ್ ಸಂಗೀತದಲ್ಲಿ ದನಿ ಮತ್ತು ಮುಖ ಮತ್ತೆ ಒಂದಾದದ್ದು ಒಬ್ಬ ವಿದ್ಯಾರ್ಥಿನಿಯಲ್ಲಿ. ಹಾಡಿನ ಜೊತೆಗೆ ಆಕೆ ಓದನ್ನು ಬಿಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಲಂಡನ್ನಿನಲ್ಲಿ ಪದವಿ ಪಡೆದು, ಕಾನೂನು ಓದಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 2000ದ ಆಗಸ್ಟ್ 13ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಕೇವಲ 35 ವರ್ಷ.

ಅದೇ 1981ರಲ್ಲಿ ಬೆಂಗಳೂರಿನ ಎಂಜಿನಿಯರುಗಳು ಇನ್ನೊಂದು ಬಗೆಯ ಕೆಲಸದಲ್ಲಿದ್ದರು. ಹಾಡಿನ ಚಿತ್ರ ಮನೆಮನೆಗೆ ಬರಬೇಕಾದರೆ ಆಕಾಶದಲ್ಲಿ ಉಪಗ್ರಹ ಬೇಕು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ್ದು ನಮ್ಮ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಅದು ಕಕ್ಷೆ ಸೇರಿದ್ದು 1975ರ ಏಪ್ರಿಲ್ 19ರಂದು. ಅದು ವಿಜ್ಞಾನದ ಉಪಗ್ರಹ, ಟಿವಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಲ್ಲಿ ಪಳಗಿದ ಕೈಗಳು 1981ರ ಜೂನ್‌ನಲ್ಲಿ ಹಾರಿದ ಆ್ಯಪಲ್ ಎಂಬ ಸಂಪರ್ಕ ಉಪಗ್ರಹವನ್ನು ಕಟ್ಟಿದವು. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಆ ಪ್ರಸಿದ್ಧ ಚಿತ್ರ ನೀವು ನೋಡಿರುತ್ತೀರಿ, ಅದು ಇದೇ ಆ್ಯಪಲ್. ಟಿವಿ ಕಾರ್ಯಕ್ರಮಗಳ ಪ್ರಸಾರವನ್ನು ಅದರ ಮೂಲಕ ಪ್ರಯೋಗಿಸಿ ನೋಡಲಾಯಿತು. ಅಮೆರಿಕದಲ್ಲಿ ಕಟ್ಟಿಸಿದ ಇನ್ಸಾಟ್-1ಬಿ 1983ರಲ್ಲಿ ಬಂದ ಮೇಲೆ ದೂರದರ್ಶನ ಊರೂರಿಗೆ ಹಬ್ಬಿತು. 1992ರ ಇನ್ಸಾಟ್-2ಎ ಬೆಂಗಳೂರಿನಲ್ಲೇ ತಯಾರಾಯಿತು. ದೂರದರ್ಶನದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ 'ಚಿತ್ರಮಂಜರಿ'ಗಾಗಿ ನೆರೆಮನೆಯ ಟಿವಿ ಮುಂದೆ ಕುಳಿತ ತಲೆಮಾರಿಗೆ ಆ ಶೆಡ್‌ಗಳ ನೆನಪೆಲ್ಲಿಂದ ಬರಬೇಕು?

ಕನ್ನಡದ ಮಟ್ಟಿಗೆ ಆ ಕಾಲ ಕ್ಯಾಸೆಟ್ಟಿನದು. ಸಿ. ಅಶ್ವಥ್ ಮೊದಲಾದವರ ಭಾವಗೀತೆಗಳು ಮನೆಮನೆಗಳಲ್ಲಿ ಕೇಳಿಬಂದವು, ನೋಡಸಿಗಲಿಲ್ಲ. 1987ರಲ್ಲಿ ರವಿಚಂದ್ರನ್ ಮತ್ತು ಹಂಸಲೇಖ 'ಪ್ರೇಮಲೋಕ' ಮಾಡಿದಾಗ ಅದರ ಹಾಡುಗಳು ಒಂದೊಂದೂ ಬಿಡಿ ವಿಡಿಯೊದಂತಿದ್ದವು. ಹೀಗೆ ಹೊಸ ಬಗೆಯ ಹಾಡಿನ ಚಿತ್ರವನ್ನು ಸಿನಿಮಾ ತನ್ನೊಳಗೇ ಅರಗಿಸಿಕೊಂಡಿತು. ನೃತ್ಯದಲ್ಲೂ ಇದೇ ಆಯಿತು. ಮೈಸೂರು ಜಿಲ್ಲೆಯ ಮೂಗೂರಿನ ಸುಂದರ್ ಮಾಸ್ಟರ್ ಅವರ ಮಗ ಪ್ರಭುದೇವ ಮೈಕೇಲ್ ಜಾಕ್ಸನ್ ಕುಣಿತವನ್ನು ನಮ್ಮ ಮೈಕಟ್ಟಿಗೆ ಹೊಂದಿಸಿಕೊಂಡರು. 1994ರ ತಮಿಳು ಚಿತ್ರ 'ಕಾದಲನ್'ನಲ್ಲಿ ಎ. ಆರ್. ರೆಹಮಾನ್ ಅವರ 'ಮುಕಾಬಲಾ' ಹಾಡಿಗೆ ಕುಣಿಯುತ್ತ ಅವರ ಮುಖ, ಕೈಗಳೆಲ್ಲ ಮಾಯವಾಗಿ, ಟೋಪಿ ಬೂಟುಗಳೊಂದಿಗೆ ಬಟ್ಟೆ ಮಾತ್ರ ಕುಣಿಯುವ ದೃಶ್ಯವಿದೆ. ಕಂಪ್ಯೂಟರ್ ಕೈಚಳಕ. ಹಿಂದಿನ ಸಾಲಿನ ನರ್ತಕರ ಪಾಡು ಅದಕ್ಕಿಂತ ಭಿನ್ನವಾಗಿರಲಿಲ್ಲ, ಅವರಿಗೆ ಕಂಪ್ಯೂಟರಿನ ಅಗತ್ಯವೂ ಬೀಳಲಿಲ್ಲ.

1991ರಲ್ಲಿ ಸ್ಟಾರ್ ಜಾಲದ ಮೂಲಕ ಎಂಟಿವಿ ನಮ್ಮ ಡಿಶ್‌ಗಳಿಗೆ ಇಳಿಯಿತು. 1994ರಲ್ಲಿ ಅದು ಹೊರನಡೆದಾಗ ಚಾನೆಲ್ ವಿ ಬಂತು. 1996ರಲ್ಲಿ ಎಂಟಿವಿ ಭಾರತಕ್ಕೆಂದೇ ಬೇರೆ ವಾಹಿನಿಯಾಗಿ ಮರಳಿತು. ದಿನವಿಡೀ ತುಂಬಿಸಬೇಕಾದ ಹೊತ್ತು ಇತ್ತು, ಆದ್ದರಿಂದ ಸಿನಿಮಾ ಹೊರಗಿನ ಗಾಯಕರಿಗೂ ಜಾಗ ಸಿಕ್ಕಿತು. 1995ರ 'ಮೇಡ್ ಇನ್ ಇಂಡಿಯಾ' ಆ ಕಾಲದ ಗುರುತು. ಹಾಡಿದವರು ಅಲಿಷಾ ಚಿನಾಯ್, ವಿಡಿಯೊ ನಿರ್ದೇಶಕ ಕೆನ್ ಘೋಷ್, ಸಂಗೀತ ಮತ್ತೆ ನಮ್ಮ ಬಿದ್ದು. ಅವರು ಇದನ್ನು ಮೊದಲು ಯೋಚಿಸಿದ್ದು ನಾಜಿಯಾಗಾಗಿ. ತನ್ನ ದೇಶದವರ ಮನಸ್ಸಿಗೆ ನೋವಾದೀತೆಂದು ಆಕೆ ಒಪ್ಪಲಿಲ್ಲವಂತೆ. 1996ರಲ್ಲಿ ಲಕ್ಕಿ ಅಲಿ 'ಸುನೋ' ಆಲ್ಬಂ ತಂದರು. ಅದರ 'ಓ ಸನಮ್' ವಿಡಿಯೊವನ್ನು ಮಹೇಶ್ ಮಥಾಯ್ ಈಜಿಪ್ಟಿನಲ್ಲಿ ಚಿತ್ರೀಕರಿಸಿದರು. ಹಾಸ್ಯನಟ ಮೆಹಮೂದ್ ಅವರ ಮಗನಾದ ಲಕ್ಕಿ ಅಲಿ ನೆಲೆ ಮಾಡಿಕೊಂಡದ್ದು ಬೆಂಗಳೂರಿನ ಹೊರಗೆ ಯಲಹಂಕದ ಕಡೆಯ ತೋಟದಲ್ಲಿ. 1997ರಲ್ಲಿ ರೆಹಮಾನ್ ತಮ್ಮ 'ವಂದೇ ಮಾತರಂ' ಆಲ್ಬಂನಲ್ಲಿ ಸ್ವತಃ ಕ್ಯಾಮೆರಾ ಮುಂದೆ ನಿಂತು ಹಾಡಿದರು. ನನ್ನ ಅಭಿಪ್ರಾಯದಲ್ಲಿ ಈ ನಾಲ್ಕೈದು ವರ್ಷಗಳೇ ನಮ್ಮ ಮ್ಯೂಸಿಕ್ ವಿಡಿಯೊದ ಅತ್ಯುತ್ತಮ ಕಾಲ. ಹಣ ಕಡಿಮೆ ಇತ್ತು, ಕಥೆ ಇತ್ತು, ಹಾಡಿದವರ ಹೆಸರು ಪರದೆಯ ಮೂಲೆಯಲ್ಲಿ ಬರುತ್ತಿತ್ತು.

ಆ ಮೂಲೆಯ ಹೆಸರಿಗೂ ಬೆಲೆ ಇಲ್ಲದಂತಾದದ್ದು ರಿಮಿಕ್ಸ್ ಕಾಲದಲ್ಲಿ. 2002ರಲ್ಲಿ ಬಂದ 'ಕಾಂಟಾ ಲಗಾ' 1972ರ 'ಸಮಾಧಿ' ಚಿತ್ರದ ಹಾಡು. ಮೂಲ ಸಂಗೀತ ಆರ್. ಡಿ. ಬರ್ಮನ್ ಅವರದು, ದನಿ ಲತಾ ಅವರದು. ಹೊಸ ವಿಡಿಯೊದಲ್ಲಿ ಜನ ಗುರುತಿಸಿದ್ದು ರೂಪದರ್ಶಿಯನ್ನು ಮಾತ್ರ. ಹೊಸದಾಗಿ ಹಾಡಿದವರ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಇಂತಹ ಹಾಡುಗಳ ಅಶ್ಲೀಲತೆಯ ಬಗ್ಗೆ ಆಗ ಬೇಕಾದಷ್ಟು ಗದ್ದಲವಾಯಿತು. ಅದು ನ್ಯಾಯವೇ. ಆದರೆ ಹಕ್ಕಿನ ಪ್ರಶ್ನೆಯನ್ನು ಎತ್ತಿದವರು ಕಡಿಮೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂನಲ್ಲಿ ಒಂದು ಸಂದಿ ಇತ್ತು. ಮೂಲ ಮುದ್ರಿಕೆ ಬಂದು ಎರಡು ವರ್ಷ ಕಳೆದ ಮೇಲೆ ನೋಟಿಸು ಕೊಟ್ಟು, ನಿಗದಿತ ರಾಯಧನ ಕಟ್ಟಿದರೆ ಯಾರು ಬೇಕಾದರೂ ಆ ಹಾಡನ್ನು ಮತ್ತೆ ಮಾಡಬಹುದಿತ್ತು.

2012ರಲ್ಲಿ ಸಂಸತ್ತು ಆ ಕಾಯಿದೆಯನ್ನು ತಿದ್ದಿತು. ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತನಾಡಿದವರು ಕವಿ ಜಾವೇದ್ ಅಖ್ತರ್. ಜೂನ್ 21ರಿಂದ ತಿದ್ದುಪಡಿ ಜಾರಿಗೆ ಬಂತು. ಅದರಂತೆ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದಾಗ ಕವಿಗೂ ಸಂಗೀತ ನಿರ್ದೇಶಕರಿಗೂ ಸಲ್ಲುವ ಪಾಲನ್ನು ಯಾವ ಕರಾರಿನಿಂದಲೂ ಕಿತ್ತುಕೊಳ್ಳುವಂತಿಲ್ಲ. ಮರುಹಾಡಿಕೆಗೆ ಎರಡರ ಬದಲು ಐದು ವರ್ಷ ಕಾಯಬೇಕು. ಕಲಾವಿದರಿಗೆ ತಮ್ಮ ಹೆಸರನ್ನು ನಮೂದಿಸಬೇಕೆಂದು ಕೇಳುವ ಹಕ್ಕನ್ನು 38ಬಿ ಕಲಂ ಕೊಟ್ಟಿತು. ಇಷ್ಟಕ್ಕೇ ಸಂತೋಷಪಡುವಂತಿಲ್ಲ. ಅದೇ ತಿದ್ದುಪಡಿ 'ಕಲಾವಿದ' ಎಂಬ ಪದದ ಅರ್ಥ ಹೇಳುವ ಕಲಂಗೆ ಒಂದು ಷರತ್ತನ್ನೂ ಸೇರಿಸಿತು. ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಸೇರದ ವ್ಯಕ್ತಿಯನ್ನು ಕಲಾವಿದನೆಂದು ಎಣಿಸಬೇಕಾಗಿಲ್ಲ. ತನ್ನ ಅಭಿನಯವನ್ನು ಕೆಡಿಸಿ ಮಾನಹಾನಿ ಮಾಡಿದರೆ ತಡೆಯುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಹೆಸರು ಹಾಕುವ ರೂಢಿ ಇಲ್ಲ, ಆದ್ದರಿಂದ ಹೆಸರು ಕೇಳುವ ಹಕ್ಕೂ ಇಲ್ಲ! ಹಿಂದಿನ ಸಾಲಿನಲ್ಲಿ ಕುಣಿಯುವ ಹುಡುಗ ಹುಡುಗಿಯರು ಈ ಷರತ್ತಿಗೆ ಸಿಕ್ಕಿಬೀಳುವುದು ಸುಲಭ. ಕಾನೂನು ಓದುವ ವಿದ್ಯಾರ್ಥಿಗಳು ಈ ಎರಡು ಕಲಂಗಳನ್ನು ಒಟ್ಟಿಗೆ ಇಟ್ಟು ಓದಬೇಕು.

ಅಷ್ಟರಲ್ಲಿ ಟಿವಿಯ ಯಜಮಾನಿಕೆ ಸಡಿಲವಾಗತೊಡಗಿತ್ತು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತು. ಅದೇ ತಿಂಗಳು ಅಮೆರಿಕದಲ್ಲಿ ಜಾವೇದ್ ಕರೀಮ್ ಎಂಬ ಬಾಂಗ್ಲಾ ಮೂಲದ ಯುವಕ ಯೂಟ್ಯೂಬಿಗೆ ಅದರ ಮೊದಲ ವಿಡಿಯೊ ಹಾಕಿದ. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಂನಲ್ಲಿ ಷರೀಫ ಸಾಹೇಬರ ಪದಗಳನ್ನು ಗಿಟಾರಿಗೆ ಹೊಂದಿಸಿದರು. ನೂರಿಪ್ಪತ್ತು ವರ್ಷ ಹಿಂದಿನ ಪದ ಇಂಗ್ಲೆಂಡಿನ ವೇದಿಕೆಗಳವರೆಗೂ ಹೋಯಿತು, ಅಂಕಿತ ಅಳಿಯದೆ. 2011ರ ನವೆಂಬರ್‌ನಲ್ಲಿ ತಮಿಳಿನ 'ಕೊಲವೆರಿ' ಹಾಡು ಸ್ಟುಡಿಯೊದೊಳಗಿನ ಮೈಕು, ಗಾಜು, ಗುಂಡಿಗಳನ್ನೇ ವಿಡಿಯೊ ಮಾಡಿ ಗೆದ್ದಿತು. ಕೊರಿಯಾದ 'ಗಂಗ್ನಮ್ ಸ್ಟೈಲ್' 2012ರ ಡಿಸೆಂಬರ್‌ನಲ್ಲಿ ನೂರು ಕೋಟಿ ವೀಕ್ಷಣೆ ದಾಟಿದ ಮೊದಲ ಯೂಟ್ಯೂಬ್ ವಿಡಿಯೊ ಆಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅಲ್ಲಿಂದ ಮುಂದಿನದು ಕಣ್ಣೆದುರಿಗಿನ ಚರಿತ್ರೆ. ಆಲ್ ಓಕೆ, ರಾಹುಲ್ ಡಿಟ್ಟೊ, ಚಂದನ್ ಶೆಟ್ಟಿ ಮುಂತಾದವರು ಸಿನಿಮಾದ ಹಂಗಿಲ್ಲದೆ ಕನ್ನಡ ರ‍್ಯಾಪ್ ವಿಡಿಯೊಗಳನ್ನು ತಂದರು. ಅವುಗಳಲ್ಲಿ ಕುಡಿತವನ್ನು ಮೆರೆಸುವ ಹಾಡುಗಳೂ ಇವೆ, ಅವು ನನಗೆ ಹಿಡಿಸುವುದಿಲ್ಲ. ನನಗೆ ಹೆಚ್ಚು ಕುತೂಹಲ ಮೂಡಿಸುವುದು ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯ ಸಣ್ಣ ಸ್ಟುಡಿಯೊಗಳಲ್ಲಿ ತಯಾರಾಗಿ ಪೀಣ್ಯದ ಬಾಡಿಗೆ ಕೋಣೆಗಳಿಗೆ ಬಂದು ತಲುಪುವ 'ಜಾನಪದ' ಹಾಡುಗಳು. ಅಲ್ಲಿನವರು ದುಡಿಮೆಗೆಂದು ಇಲ್ಲಿಗೆ ಬಂದಿದ್ದಾರೆ. ಊರಿನ ಟ್ರ್ಯಾಕ್ಟರು, ಕಬ್ಬಿನ ಗದ್ದೆ, ಲಾರಿ ಚಾಲಕನ ಪ್ರೇಮ, ಕೆಳಗೆ ಡಿಜೆ ತಾಳ. ನಗರದವರು ಒರಟೆಂದು ಮೂಗು ಮುರಿಯಬಹುದು. ಆದರೆ ಎಷ್ಟೋ ಹಾಡುಗಳ ಕೊನೆಯ ನುಡಿಗೆ ಕಿವಿಗೊಡಿ: ಬರೆದವರ ಹೆಸರು, ಹಾಡಿದವರ ಹೆಸರು, ಊರ ಹೆಸರು ಎಲ್ಲ ಅಲ್ಲಿರುತ್ತದೆ. ಗೀಗೀ ಪದದವರ ರೂಢಿ ಡಿಜೆ ತಾಳದ ಕೆಳಗೂ ಉಳಿದುಬಂದಿದೆ. ಯಾರು ಕದ್ದು ಎಲ್ಲಿಗೆ ಹಾಕಿದರೂ ಹೆಸರು ಹಾಡಿನ ಜೊತೆಗೇ ಹೋಗುತ್ತದೆ.

ಇತ್ತೀಚಿನ ಒಂದು ಸಂಗತಿ. ಮಲಪ್ಪುರಂ ಮೂಲದ, ಬಾಲ್ಯವನ್ನು ಬಹುಪಾಲು ಅಮೆರಿಕದಲ್ಲಿ ಕಳೆದ ಸೂರಜ್ ಚೆರುಕಟ್ ಎಂಬ ಯುವಕ ಬೆಂಗಳೂರಿನ ಕಂಪನಿ ನೌಕರಿ ಬಿಟ್ಟು 'ಹನುಮಾನ್‌ಕೈಂಡ್' ಎಂಬ ಹೆಸರಲ್ಲಿ ರ‍್ಯಾಪ್ ಹಾಡಲು ನಿಂತರು. ಕಲ್ಮಿ ಅವರ ಸಂಗೀತ, ಬಿಜೋಯ್ ಶೆಟ್ಟಿ ಅವರ ನಿರ್ದೇಶನದಲ್ಲಿ 2024ರ ಜುಲೈನಲ್ಲಿ ಬಂದ ಅವರ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ಮೊದಲ ನೂರರ ಪಟ್ಟಿಗೆ ಸೇರಿತು. ವಿಡಿಯೊ ಚಿತ್ರೀಕರಿಸಿದ್ದು ಕೇರಳದ ಪೊನ್ನಾನಿಯಲ್ಲಿ, ಜಾತ್ರೆಗಳಲ್ಲಿ ನಾವು ನೋಡುವ ಸಾವಿನ ಬಾವಿಯಲ್ಲಿ. ಹಾಡುವವರು ಬಾವಿಯ ತಳದಲ್ಲಿ ನಿಂತಿದ್ದಾರೆ. ಅವರ ಸುತ್ತ, ತಲೆಯ ಮೇಲೆ, ಹಲಗೆ ಗೋಡೆಯನ್ನು ಕಚ್ಚಿಕೊಂಡು ಮೋಟರ್ ಸೈಕಲ್ಲುಗಳೂ ಕಾರುಗಳೂ ಸುತ್ತುತ್ತವೆ. ಓಡಿಸುವವರು ನಟರಲ್ಲ, ಊರಿಂದೂರಿಗೆ ಜಾತ್ರೆ ಸುತ್ತಿ ಹೊಟ್ಟೆ ಹೊರೆಯುವ ನಿಜವಾದ ಸಾಹಸಿಗರು. ಅವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾಳೆ. ಹಾಡು ಹೆಸರು ಮಾಡಿದ ಮೇಲೆ ಪತ್ರಿಕೆಗಳು ಆ ಸವಾರರು ಯಾರೆಂದು ವಿಚಾರಿಸಿ ಅವರ ಹೆಸರುಗಳನ್ನೂ ಅಚ್ಚು ಹಾಕಿದವು.